ಬೋರ್ಡಕ್ಕನ ಬಲಗೈ

ಬೋರ್ಡಕ್ಕ ಎಂಬ ಹೆಸರನ್ನು ಅವಳಿಗೆ ಅಂಟಿಸಿದವರು ಬಸ್ಸಿನ ಡ್ರೈವರುಗಳು. ನಿಲ್ದಾಣದ ಕಂಬಗಳಲ್ಲಿ ಕಪ್ಪು ಬೋರ್ಡೊಂದು ತೂಗುತ್ತಿರುತ್ತದಲ್ಲ, ಮುಂದಿನ ಬಸ್ಸು ಯಾವುದು, ಇನ್ನೆಷ್ಟು ನಿಮಿಷ ಎಂದು ಹಳದಿ ಅಕ್ಷರದಲ್ಲಿ ಹೇಳುತ್ತ, ಆ ಬೋರ್ಡುಗಳಿಗೆಲ್ಲ ಮಾತು ಕೊಡುವವಳು ಅವಳು. ಡಿಪೋದ ಮೇಲಂತಸ್ತಿನ ಉದ್ದನೆಯ ಕೋಣೆಯಲ್ಲಿ, ಕೆಳಗೆ ಬಸ್ಸು ತೊಳೆಯುವ ನೀರಿನ ಸದ್ದು ಸದಾ ಕೇಳಿಸುವ ಕಿಟಕಿಯ ಪಕ್ಕ, ಅವಳ ಮೇಜು. ಎಲ್ಲೋ ರಸ್ತೆ ಅಗೆದರು ಅನ್ನಿ, ಪೈಪು ಒಡೆಯಿತು ಅನ್ನಿ, ಯಾವ ಬಸ್ಸು ಯಾವ ಮೂಲೆಯಲ್ಲಿ ತಿರುಗಿ ಯಾವ ಬೀದಿ ಹಿಡಿದು ಮತ್ತೆ ತನ್ನ ದಾರಿ ಸೇರಬೇಕು ಅನ್ನುವುದು ನಕ್ಷೆ ತೆಗೆಯುವ ಮೊದಲೇ ಅವಳ ಬಾಯಲ್ಲಿರುತ್ತಿತ್ತು. ಅದರ ಹೆಮ್ಮೆ ಅವಳಿಗೆ ಇರಲಿಲ್ಲವೇ ಅಂದರೆ, ಧಾರಾಳವಾಗಿ ಇತ್ತು. "ನನ್ನ ಸೊಸೆ ನಡೆದು ಬಂದ್ರೆ ಊರಿನ ರಸ್ತೆಗಳೆಲ್ಲ ಎದ್ದು ನಿಂತು ದಾರಿ ಬಿಡಬೇಕು, ಹಂಗೆ ನಡೀತಾಳೆ," ಎಂದು ಅವಳ ಅತ್ತೆ ಎದುರಿಗೇ ಹೇಳುತ್ತಿದ್ದರು. ಬೋರ್ಡಕ್ಕ ಅದನ್ನು ಬೈಗುಳವೆಂದು ಎಂದೂ ತಿಳಿದವಳಲ್ಲ.

ಗಂಡನೂ ಅದೇ ಡಿಪೋದ ಡ್ರೈವರು. ಬಸ್ಸು ತಡವಾದ ದಿನ ಪ್ರಯಾಣಿಕರು ಬೋರ್ಡು ತೋರಿಸಿ ಅವನಿಗೆ ಬಯ್ಯುವುದು, ಅವನು ಮನೆಗೆ ಬಂದು ಅದನ್ನು ಹೆಂಡತಿಗೆ ದಾಟಿಸುವುದು, ಅವಳು ಸಿಗ್ನಲ್ಲು ಸಿಗ್ನಲ್ಲಿನ ಲೆಕ್ಕ ಕೇಳಿ ಅವನ ಬಾಯಿ ಮುಚ್ಚಿಸುವುದು ನಡೆದೇ ಇತ್ತು. ಜಗಳವಾಡುವುದಕ್ಕೆ ಇಷ್ಟು ಒಳ್ಳೆಯ ವಿಷಯ ಎಲ್ಲ ಗಂಡ ಹೆಂಡಿರಿಗೂ ಸಿಗುವುದಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಕನ್ನಡಿ ಮುಂದೆ ತಲೆ ಬಾಚಿಕೊಳ್ಳುತ್ತಿದ್ದವಳ ಕೈಯಿಂದ ಬಾಚಣಿಗೆ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದಳು, ಕೈ ಬರಲಿಲ್ಲ. ಗಂಡನನ್ನು ಕರೆಯಲು ಹೋದಳು, ಮಾತು ತೊದಲಿತು. ಬಲಭಾಗಕ್ಕೆ ಲಕ್ವ ಹೊಡೆದಿತ್ತು. ಅವತ್ತು ಗಂಡ ಮನೆಯಲ್ಲಿದ್ದದ್ದು ಪುಣ್ಯ, ಆಸ್ಪತ್ರೆಗೆ ಬೇಗ ಮುಟ್ಟಿದರು. ಮಾತು ಕೆಲವು ದಿನಗಳಲ್ಲೇ ಮರಳಿತು. ಕಾಲು ನಿಧಾನಕ್ಕೆ ಹಾದಿಗೆ ಬಂತು. ಬಲಗೈ ಮಾತ್ರ ಭುಜದಿಂದ ಕೆಳಗೆ ಮರದ ಕೊರಡು. ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. "ಎಲ್ಲಾ ಸರಿಹೋಯ್ತು, ಕೈಯೊಂದು ಕೈಕೊಡ್ತು," ಎಂದು ಅತ್ತೆ ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಅತ್ತೆಯೇ ದಿನಾ ಬೆಳಿಗ್ಗೆ ಸೊಸೆಯ ಜಡೆ ಹೆಣೆದು, ಅಂಗಿಯ ಗುಂಡಿ ಹಾಕಿ, ಚಪ್ಪಲಿಯ ಪಟ್ಟಿ ಬಿಗಿದು ಕಳಿಸುತ್ತಿದ್ದರು. ಬೋರ್ಡಕ್ಕನಿಗೆ ಲಕ್ವಕ್ಕಿಂತ ಆ ಗುಂಡಿ ಹಾಕಿಸಿಕೊಳ್ಳುವುದೇ ಕಷ್ಟವಾಗಿತ್ತು.

ರಜೆ ಮುಗಿಸಿ ಕೆಲಸಕ್ಕೆ ಮರಳಿದವಳಿಗೆ ಒಂದೇ ಕೈ. ಅವಳ ಕೆಲಸವೋ ಪೂರ್ತಿ ಟೈಪಿಂಗಿನದು. ಚಿತ್ರ ಒತ್ತಿ, ಬಟನ್ನು ಒತ್ತಿ ಆಗುವಂಥದ್ದಲ್ಲ. ಟರ್ಮಿನಲ್ ಅಂತ ಒಂದು ಕಪ್ಪು ಕಿಟಕಿ. ಅದರಲ್ಲಿ ಮಾರುದ್ದದ ಕಮಾಂಡ್ ಟೈಪ್ ಮಾಡಬೇಕು, ಯಾವ ಮಾರ್ಗ, ಯಾವ ನಿಲ್ದಾಣದಿಂದ ಯಾವ ನಿಲ್ದಾಣಕ್ಕೆ, ಎಂದಿನಿಂದ ಎಂದಿನವರೆಗೆ ಎಂದು. ಒಂದಕ್ಷರ ತಪ್ಪಿದರೆ ಆಸ್ಪತ್ರೆಗೆ ಹೋಗಬೇಕಾದ ಮುದುಕ ತಪ್ಪು ಬಸ್ಸಿಗೆ ಕಾಯುತ್ತ ಕೂರುತ್ತಾನೆ. ಎರಡು ಕೈಯಲ್ಲಿ ಮಳೆ ಸುರಿದಂತೆ ಟೈಪ್ ಮಾಡುತ್ತಿದ್ದವಳು ಈಗ ಎಡಗೈಯಲ್ಲಿ ಕೋಳಿ ಕಾಳು ಹೆಕ್ಕಿದ ಹಾಗೆ ಹೆಕ್ಕಬೇಕಾಯಿತು.

ಅವಳನ್ನು ಉಳಿಸಿದ್ದು ಹಿಸ್ಟರಿ. ಒಮ್ಮೆ ಕೊಟ್ಟ ಕಮಾಂಡನ್ನು ಕಂಪ್ಯೂಟರು ತಾನೇ ನೆನಪಿಟ್ಟುಕೊಳ್ಳುತ್ತದೆ. ಹುಡುಕುವ ಕೀಲಿ ಒತ್ತಿ ಹಳೆಯ ಕಮಾಂಡಿನ ಮೂರ್ನಾಲ್ಕು ಅಕ್ಷರ ಹಾಕಿದರೆ ಸಾಕು, ಇಡೀ ಸಾಲು ಎದ್ದು ಬರುತ್ತದೆ. ಅದರಲ್ಲಿ ಮಾರ್ಗದ ಸಂಖ್ಯೆಯೋ ತಾರೀಖೋ ಬದಲಿಸಿ ಎಂಟರ್ ಒತ್ತಿದರೆ ಕೆಲಸ ಮುಗಿಯಿತು. ಹಾಗಾಗಿ ಅವಳು ಹೊಸದನ್ನು ಟೈಪ್ ಮಾಡುವುದು ಅಪರೂಪವಾಯಿತು. ವರ್ಷಗಟ್ಟಲೆ ತಾನೇ ಕೂಡಿಟ್ಟ ಗಂಟಿನಿಂದ ಬೇಕಾದ್ದನ್ನು ತೆಗೆದು ಬಳಸುತ್ತಿದ್ದಳು. ಪಕ್ಕದ ಮೇಜಿನವರು ಎರಡು ಕೈಯಲ್ಲಿ ಮುಗಿಸುವ ಹೊತ್ತಿಗೆ ಅವಳೂ ಮುಗಿಸಿರುತ್ತಿದ್ದಳು. ಮುಗಿಸಿ, ಸ್ವಲ್ಪ ಗಟ್ಟಿಯಾಗಿಯೇ ಎಂಟರ್ ಒತ್ತುತ್ತಿದ್ದಳು.

ಕೆಲವು ತಿಂಗಳು ಹೀಗೆ ಸಾಗಿತು. ಆಮೇಲೆ ಹಿಸ್ಟರಿಯಿಂದ ಕಮಾಂಡುಗಳು ಕಾಣೆಯಾಗತೊಡಗಿದವು.

ಮೊದಲನೆಯದು ಮಾರುಕಟ್ಟೆ ರಸ್ತೆಯದು. ಅಲ್ಲಿ ಡಾಂಬರು ಹಾಕುತ್ತಿದ್ದರೆಂದು ಒಂದು ಬಸ್ಸನ್ನು ಹಿಂದಿನ ಬೀದಿಗೆ ತಿರುಗಿಸಿದ್ದಳು. ಅದು ಹೊಸ ದಾರಿ, ಕಮಾಂಡನ್ನು ಪೂರ್ತಿ ಕೈಯಾರೆ ಹೆಕ್ಕಿ ಕೊಟ್ಟಿದ್ದಳು. ಡಾಂಬರು ಆರಿದ ಮೇಲೆ ಬಸ್ಸನ್ನು ವಾಪಸ್ಸು ತರಲು ಆ ಸಾಲನ್ನೇ ಹುಡುಕಿದರೆ, ಇಲ್ಲ. ಬೇರೆ ಪದ ಹಾಕಿ ಹುಡುಕಿದಳು, ಇಲ್ಲ. ಏನೋ ಒಂದು ಸಲ ಎಂದು ಸುಮ್ಮನಾದಳು. ಆದರೆ ಮುಂದಿನ ವಾರ ಮತ್ತೊಂದು, ಅದರ ಮುಂದಿನ ವಾರ ಇನ್ನೆರಡು, ಬರಬರುತ್ತ ದಿನಕ್ಕೊಂದು ಸಾಲಾದರೂ ಮಾಯ. ಹಳೆಯ ಗಂಟು ಇದ್ದಂತೆಯೇ ಇದೆ. ಹೊಸದಾಗಿ ಇಟ್ಟದ್ದೇ ಉಳಿಯುತ್ತಿಲ್ಲ.

ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಇಂಜಿನಿಯರಳನ್ನು ಕರೆದಳು. ಒಳ್ಳೆಯ ಹುಡುಗಿ, ಬೋರ್ಡಕ್ಕನಿಂದಲೇ ಕೆಲಸ ಕಲಿತವಳು. ಅವಳು ಕ್ರಮವಾಗಿ ನೋಡಿದಳು. ಹಿಸ್ಟರಿಯ ಜಾಗ ತುಂಬಿ ಹೊಸದು ಹೊರಗೆ ಬೀಳುತ್ತಿದೆಯೇ? ಇಲ್ಲ, ಜಾಗ ಬೇಕಾದಷ್ಟಿದೆ. ಎರಡು ಕಿಟಕಿ ಒಟ್ಟಿಗೆ ತೆರೆದಾಗ ಒಂದು ಬರೆದದ್ದನ್ನು ಇನ್ನೊಂದು ಅಳಿಸುತ್ತಿದೆಯೇ? ಅದೂ ಇಲ್ಲ. ಕೊನೆಗೆ ತಾನೇ ಆ ಕುರ್ಚಿಯಲ್ಲಿ ಕೂತು ಒಂದು ಕಮಾಂಡ್ ಕೊಟ್ಟಳು. ಉಳಿಯಿತು. ಬೋರ್ಡಕ್ಕನ ಕೈಯಲ್ಲೂ ಕೊಡಿಸಿದಳು. ಬೋರ್ಡಕ್ಕ ನಿಂತುಕೊಂಡೇ, ಮೇಜಿನ ಮೇಲೆ ಬಾಗಿ ಎಡಗೈಯಲ್ಲಿ ಹೆಕ್ಕಿದಳು. ಅದೂ ಉಳಿಯಿತು. ಹಲ್ಲುನೋವು ವೈದ್ಯರ ಬಾಗಿಲಲ್ಲಿ ಮಾಯವಾದಂತೆ ಆಯಿತು. ಯಂತ್ರದಲ್ಲಿ ತೊಂದರೆ ಏನೂ ಕಾಣುತ್ತಿಲ್ಲ ಎಂದು ಇಂಜಿನಿಯರಳು ಮೆಲ್ಲಗೆ ಹೇಳಿದಳು. ಯಂತ್ರದಲ್ಲಿಲ್ಲದಿದ್ದರೆ ಇನ್ನೆಲ್ಲಿ ಎಂಬುದನ್ನು ಅವಳೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಪಾಳಿಯ ಮುಖ್ಯಸ್ಥರು ಕೆಟ್ಟವರಲ್ಲ. ಬಾಗಿಲು ಮುಂದೆ ಮಾಡಿ, ಚಹಾ ತರಿಸಿ, ಆರೋಗ್ಯ ವಿಚಾರಿಸಿ ಆಮೇಲೆ ಮಾತಿಗೆ ಬಂದರು. ಕೊಟ್ಟೆ ಅಂದುಕೊಂಡ ಕಮಾಂಡನ್ನು ಕೊಟ್ಟೇ ಇಲ್ಲದಿರಬಹುದು, ಇಂಥ ಕಾಯಿಲೆ ಆದವರಿಗೆ ನೆನಪು ಅಲ್ಲಲ್ಲಿ ಹರಿಯುವುದು ಸಹಜ, ಕೆಳಗೆ ಕಳೆದ ವಸ್ತುಗಳ ಕೌಂಟರಿನಲ್ಲಿ ಕೆಲಸ ಹಗುರ ಎಂದರು. ಪ್ರಯಾಣಿಕರು ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಚೀಲ, ಒಂಟಿ ಚಪ್ಪಲಿಗಳ ನಡುವೆ ತನ್ನನ್ನೂ ಕೂರಿಸುತ್ತಾರಲ್ಲ ಎಂದು ಬೋರ್ಡಕ್ಕನಿಗೆ ಹೆದರಿಕೆಯಾಯಿತು. ಆದರೆ ಮುಖ ಕದಲಲಿಲ್ಲ.

"ಕಮಾಂಡ್ ಕೊಡದೇ ಇದ್ದಿದ್ರೆ ಬಸ್ಸು ಹಿಂದಿನ ಬೀದಿಗೆ ಹೆಂಗೆ ಹೋಯ್ತು ಸಾರ್?" ಎಂದು ಕೇಳಿದಳು.

ಮುಖ್ಯಸ್ಥರು ಚಹಾದ ಲೋಟ ಕೆಳಗಿಟ್ಟರು. ತಿಂಗಳ ಕೊನೆಗೆ ನೋಡೋಣ ಎಂದರು.

ಮನೆಯಲ್ಲಿ ಇನ್ನೊಂದು ಬಗೆ. ಗಂಡ ಅವಳ ಜತೆ ಜಗಳವಾಡುವುದನ್ನೇ ಬಿಟ್ಟುಬಿಟ್ಟಿದ್ದ. ಬೋರ್ಡು ತಪ್ಪಿದರೂ ಪಾಪ ಎಂದು ಸುಮ್ಮನಿರುತ್ತಿದ್ದ. ಅತ್ತೆ ಮಾತಿನ ನಡುವೆ ಏನೋ ನೆನಪಾದವರಂತೆ, ನಿನ್ನೆ ಬಂದಿದ್ದವರು ಯಾರು, ಅವರ ಮಗನ ಹೆಸರೇನು ಎಂದು ಕೇಳಿ ಸೊಸೆಯ ಮುಖ ನೋಡುತ್ತಿದ್ದರು. ಪರೀಕ್ಷೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಸರಿಯಾಗಿ ಉತ್ತರ ಕೊಟ್ಟು, ಅವರ ಮಗನ ಹೆಂಡತಿಯ ತವರುಮನೆಯವರ ಹೆಸರನ್ನೂ ಸೇರಿಸುತ್ತಿದ್ದಳು. ಹಾಗಿದ್ದೂ ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ಅತ್ಯಂತ ಉದ್ದದ ಮಾರ್ಗದ ನಿಲ್ದಾಣಗಳನ್ನು ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಪಿಸುಗುಟ್ಟಿ ಹೇಳಿಕೊಂಡ ದಿನಗಳಿದ್ದವು. ಒಂದೂ ತಪ್ಪುತ್ತಿರಲಿಲ್ಲ. ಮರೆತದ್ದು ಮರೆತವರಿಗೆ ಗೊತ್ತಾಗುವುದಾದರೂ ಹೇಗೆ ಎಂಬ ಹೆದರಿಕೆ ಮಾತ್ರ ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಊಟಕ್ಕೆ ಎಲ್ಲರೂ ಕೆಳಗಿಳಿದ ಮೇಲೆ, ಅವಳು ಪಟ್ಟು ಹಿಡಿದು ಕೂತಳು. ಮರೆವು ನನ್ನದೋ ಈ ಯಂತ್ರದ್ದೋ ಇವತ್ತು ತೀರ್ಮಾನವಾಗಲಿ ಎಂದುಕೊಂಡಳು. ಏನನ್ನೂ ಕೆಡಿಸದ, ಬರೀ ಮಾರ್ಗಗಳನ್ನು ತೋರಿಸುವ ಕಮಾಂಡುಗಳನ್ನೇ ಆರಿಸಿಕೊಂಡು ಒಂದಾದ ಮೇಲೊಂದು ಕೊಟ್ಟಳು. ಪರದೆಯ ಮೇಲಿನ ಸಾಲುಗಳನ್ನು ಅಳಿಸಲಿಲ್ಲ. ಆಮೇಲೆ ಹಿಸ್ಟರಿ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಪರದೆಯ ಮೇಲೆ ಸಾಲುಗಳು ಕಣ್ಣೆದುರೇ ಇವೆ. ಹಿಸ್ಟರಿಯಲ್ಲಿ ಅವುಗಳಲ್ಲಿ ಅರ್ಧಕ್ಕರ್ಧ ಇಲ್ಲ.

ಅವಳು ಕುರ್ಚಿಗೆ ಒರಗಿ ದೊಡ್ಡದಾಗಿ ಉಸಿರು ಬಿಟ್ಟಳು. ಮರೆತವಳು ತಾನಲ್ಲ. ಅಷ್ಟು ಸಾಕಾಗಿತ್ತು, ಎದ್ದು ಹೋಗಿ ಮುಖ್ಯಸ್ಥರಿಗೆ ತೋರಿಸಬಹುದಾಗಿತ್ತು. ಆದರೆ ಅರ್ಧ ಬಿಚ್ಚಿದ ಗಂಟನ್ನು ಬಿಟ್ಟು ಏಳುವ ಜಾತಿ ಅವಳದಲ್ಲ. ಉಳಿದವು ಯಾವುವು, ಹೋದವು ಯಾವುವು ಎಂದು ನೋಡಿದಳು. ಹಿಸ್ಟರಿಯಿಂದಲೇ ಎಬ್ಬಿಸಿ ತಿದ್ದಿ ಕೊಟ್ಟವು ಉಳಿದಿದ್ದವು. ಖಾಲಿ ಸಾಲಿನಲ್ಲಿ ಮೊದಲಿನಿಂದ ತಾನೇ ಹೆಕ್ಕಿದವು ಹೋಗಿದ್ದವು. ಹಾಗಾದರೆ ತಾನು ಶುರು ಮಾಡುವ ರೀತಿಯಲ್ಲೇ ಏನೋ ಇದೆ. ಕನ್ನಡಕ ಮೇಲೆ ತಳ್ಳಿಕೊಂಡು ಪರದೆಗೆ ಮೂಗು ತಾಗುವಷ್ಟು ಬಾಗಿದಳು. ಆಗ ಕಂಡಿತು. ಹೋದ ಸಾಲುಗಳ ಮೊದಲ ಅಕ್ಷರ, ಉಳಿದ ಸಾಲುಗಳ ಮೊದಲ ಅಕ್ಷರದ ನೇರಕ್ಕಿಲ್ಲ. ಒಂದೇ ಒಂದು ಮನೆ ಬಲಕ್ಕೆ ಸರಿದಿದೆ. ಕಮಾಂಡಿನ ಮುಂದೆ ಒಂದು ಖಾಲಿ ಜಾಗ ಸೇರಿಕೊಂಡಿದೆ. ಹಿಸ್ಟರಿಯಿಂದ ಎಬ್ಬಿಸಿದ ಸಾಲು ಹಳೆಯ ರೂಪದಲ್ಲೇ ಇಡಿಯಾಗಿ ಬರುವುದರಿಂದ ಅದರ ಮುಂದೆ ಈ ಜಾಗವಿಲ್ಲ.

ಅದರ ಅರ್ಥ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಮಾಂಡಿನಲ್ಲಿ ಪಾಸ್‌ವರ್ಡ್ ಇದ್ದಾಗ ಅದು ಹಿಸ್ಟರಿಯಲ್ಲಿ ಉಳಿಯಬಾರದು. ಅದಕ್ಕಾಗಿ ಇಡೀ ಕಚೇರಿಯ ಯಂತ್ರಗಳಲ್ಲಿ ಒಂದು ನಿಯಮ ಹಾಕಲಾಗಿತ್ತು. ಮೊದಲು ಸ್ಪೇಸ್ ಒತ್ತಿ ಬರೆದ ಕಮಾಂಡ್ ಕೆಲಸ ಮಾಡುತ್ತದೆ, ನೆನಪಿನಲ್ಲಿ ಮಾತ್ರ ಉಳಿಯುವುದಿಲ್ಲ. ಆ ನಿಯಮ ಹಾಕಿಸಿದವಳು ಬೋರ್ಡಕ್ಕನೇ. ಹೊಸಬರಿಗೆಲ್ಲ ಅದನ್ನು ಹೇಳಿಕೊಟ್ಟವಳೂ ಅವಳೇ. ಅದಕ್ಕೇ ಅದರ ಮೇಲೆ ಅವಳಿಗೆ ಅನುಮಾನ ಬಂದಿರಲಿಲ್ಲ. ತಾನು ಸ್ಪೇಸ್ ಒತ್ತಿಲ್ಲ ಎಂಬುದು ತನಗೆ ಗೊತ್ತಲ್ಲ!

ಒತ್ತಿದ್ದು ಯಾರು ಹಾಗಾದರೆ?

ಎಡಗೈ ಅಕ್ಷರದ ಮೇಲಿತ್ತು. ಬಲಗೈ ಕೀಬೋರ್ಡಿನ ಬಲಭಾಗದ ಕೆಳ ಅಂಚಿನಲ್ಲಿ, ಇಟ್ಟಲ್ಲಿ ಇಟ್ಟಂತೆ ಬಿದ್ದಿತ್ತು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಫಿಸಿಯೋ, ಆ ಕೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಳ್ಳಬೇಡಿ, ಏನೂ ಮಾಡದಿದ್ದರೂ ಮೊದಲು ಎಲ್ಲಿರುತ್ತಿತ್ತೋ ಅಲ್ಲೇ ಇಡಿ ಎಂದು ಹೇಳಿದ್ದರು. ಅವಳು ದಿನಾ ಬೆಳಿಗ್ಗೆ ಎಡಗೈಯಿಂದ ಅದನ್ನು ಎತ್ತಿ ಕೀಬೋರ್ಡಿನ ಮೇಲೆ ಕೂರಿಸುತ್ತಿದ್ದಳು, ಹಟಮಾರಿ ಕೂಸನ್ನು ಊಟಕ್ಕೆ ಕೂರಿಸಿದಂತೆ. ಹೆಬ್ಬೆರಳು ಸ್ಪೇಸ್ ಮೇಲೆ ಬೀಳುತ್ತಿತ್ತು. ಅದಕ್ಕೆ ಸ್ಪರ್ಶವಿರಲಿಲ್ಲ, ಆದ್ದರಿಂದ ಅದರ ಕಡೆ ನೋಡುವುದನ್ನೂ ಬಿಟ್ಟಿದ್ದಳು.

ಈಗ ಬಲಗೈಯನ್ನು ಎತ್ತಿ ಮಡಿಲಲ್ಲಿಟ್ಟು ಒಂದು ಕಮಾಂಡ್ ಕೊಟ್ಟಳು. ಹಿಸ್ಟರಿಯಲ್ಲಿ ಉಳಿಯಿತು. ಕೈಯನ್ನು ಮತ್ತೆ ಮೇಲಿಟ್ಟು ಇನ್ನೊಂದು ಕಮಾಂಡ್ ಕೊಟ್ಟಳು. ಹೋಯಿತು. ಇಂಜಿನಿಯರಳ ಮುಂದೆ ನಿಂತು ಟೈಪ್ ಮಾಡಿದಾಗ ಬಲಗೈ ಪಕ್ಕಕ್ಕೆ ಜೋತುಬಿದ್ದಿತ್ತು ಎಂಬುದು ನೆನಪಾಯಿತು. ಕೈಯ ಭಾರಕ್ಕೆ ಕೀಲಿ ಒತ್ತಿಕೊಳ್ಳುತ್ತಿರಬಹುದೇ? ಭಾರವಾಗಿದ್ದರೆ ಒತ್ತಿದ್ದು ಒತ್ತಿಯೇ ಇರಬೇಕು, ಖಾಲಿ ಜಾಗ ಸಾಲುಗಟ್ಟಿ ಓಡಬೇಕು. ಇದು ಹಾಗಲ್ಲ, ಒಂದೇ ಸಲ, ಟೈಪ್ ಶುರು ಮಾಡುವ ಹೊತ್ತಿಗೆ ಸರಿಯಾಗಿ. ಅವಳು ಪರದೆಯಿಂದ ಕಣ್ಣು ಕಿತ್ತು ಬಲಗೈಯನ್ನೇ ನೋಡುತ್ತ, ಎಡಗೈಯನ್ನು ಮೊದಲ ಅಕ್ಷರಕ್ಕೆ ಎತ್ತಿದಳು.

ಹೆಬ್ಬೆರಳು ಅಲ್ಲಾಡಿತು.

ನಂಬಿಕೆಯಾಗಲಿಲ್ಲ. ಮತ್ತೆ ಎತ್ತಿದಳು, ಮತ್ತೆ ಅಲ್ಲಾಡಿತು. ಊಟ ಮುಗಿಸಿ ಮೆಟ್ಟಿಲು ಹತ್ತಿ ಬಂದ ಇಂಜಿನಿಯರಳನ್ನು ಕರೆದು, ಸುಮ್ಮನೆ ಈ ಕೈ ನೋಡು ಎಂದಳು. ಇಂಜಿನಿಯರಳು ಮೊಣಕಾಲೂರಿ ಕೂತು, ಮೇಜಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದಳು. ಬೋರ್ಡಕ್ಕ ಎಡಗೈ ಎತ್ತಿದಳು.

"ಅಕ್ಕಾ, ಬೆರಳು ಬಡೀತಿದೆ," ಎಂದಳು ಇಂಜಿನಿಯರಳು. ತಲೆಯೆತ್ತಿ, "ನಿಮಗೆ ಗೊತ್ತಾಗ್ತಿಲ್ವಾ?"

"ಇಲ್ಲ ಕಣೇ."

"ಇಷ್ಟು ದಿನ ನಿಮ್ಮ ಕೈ ಕೆಲಸ ಮಾಡ್ತಾನೇ ಇತ್ತಲ್ಲಕ್ಕಾ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ಅವಳ ಕತೆ. ಇಬ್ಬರೂ ಬಿದ್ದು ಬಿದ್ದು ನಕ್ಕರು, ನಗುತ್ತಲೇ ಬೋರ್ಡಕ್ಕನ ಕಣ್ಣು ತುಂಬಿತು. ಒರೆಸಿಕೊಳ್ಳಲು ಎಡಗೈ ಎತ್ತಿದಾಗ ಹೆಬ್ಬೆರಳು ಮತ್ತೊಂದು ಸಲ ಬಡಿಯಿತು.

ಫಿಸಿಯೋ ಅಷ್ಟು ಬೇಗ ಕುಣಿಯುವ ಪೈಕಿಯಲ್ಲ. ಬೆರಳಿನ ಕೆಳಗೆ ಕಾಗದದ ಚೂರಿಟ್ಟು ಹಿಡಿಯಲು ಹೇಳಿದರು, ಬಿಡಲು ಹೇಳಿದರು, ಮಣಿಕಟ್ಟನ್ನು ಒತ್ತಿ ನೋಡಿದರು. ಜೀವಮಾನವೆಲ್ಲ ಎರಡೂ ಕೈ ಒಟ್ಟಿಗೆ ಕೆಲಸ ಮಾಡಿವೆ, ಎಡಗೈ ಹೊರಟಾಗ ಬಲಗೈಯೂ ತಾನೂ ಬರುತ್ತೇನೆಂದು ಏಳುತ್ತಿದೆ, ಬಲ ಹೆಚ್ಚಿದ ಹಾಗೆ ಹೆಚ್ಚು ಸಲ ಏಳುತ್ತಿದೆ ಎಂದರು. ಕಮಾಂಡುಗಳು ವಾರದಿಂದ ವಾರಕ್ಕೆ ಹೆಚ್ಚು ಹೆಚ್ಚು ಕಾಣೆಯಾದದ್ದು ಅದಕ್ಕೆ. ಅವಳ ನೆನಪು ಕುಸಿಯುತ್ತಿದೆ ಎಂದು ಊರೆಲ್ಲ ಅಂದುಕೊಂಡ ದಿನಗಳಲ್ಲೇ ಕೈ ಗುಣವಾಗುತ್ತಿತ್ತು. ಇದು ಇನ್ನೂ ತಾನಾಗಿ ಆಗುವ ಚಲನೆ, ನಿಮ್ಮ ಮಾತು ಕೇಳಿ ಆಗುವಂತೆ ಪಳಗಿಸಬೇಕು, ಪೂರ್ತಿ ಕೈ ಬಂದೀತೆಂದು ನಾನು ಮಾತು ಕೊಡಲಾರೆ ಎಂದೂ ಸೇರಿಸಿದರು. ಬೋರ್ಡಕ್ಕ ಅಂಥ ಮಾತೇನೂ ಬೇಡಿರಲಿಲ್ಲ. ತಾನು ಮಾಡಬೇಕಾದ ಕೆಲಸ ಏನೆಂದಷ್ಟೇ ಕೇಳಿದಳು.

ಮುಖ್ಯಸ್ಥರಿಗೆ ಅವಳು ಪರದೆಯನ್ನೇ ತೋರಿಸಿದಳು. ಅವರು ಸಾಲುಗಳನ್ನು ನೋಡಿದರು, ಬೆರಳನ್ನು ನೋಡಿದರು, ಕೌಂಟರಿನ ವಿಷಯ ನಾನು ಎತ್ತಬಾರದಿತ್ತು ಎಂದರು. ಅವಳು ದೊಡ್ಡಸ್ತಿಕೆಯಿಂದ ಆಗಲಿ ಬಿಡಿ ಅಂದಳು. ಆ ದೊಡ್ಡಸ್ತಿಕೆ ಅವಳಿಗೆ ಚೆನ್ನಾಗಿ ಒಪ್ಪುತ್ತಿತ್ತು.

ಮನೆಯಲ್ಲಿ ಅತ್ತೆ ಎಲ್ಲವನ್ನೂ ಕೇಳಿ ಮುಗಿಸಿ, ಸೊಸೆಯ ಹೆಬ್ಬೆರಳನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಹೇಳದೆ ಕೇಳದೆ ತನ್ನ ಪಾಡಿಗೆ ಮಾಡ್ಕೊಂಡು ಹೋಗೋದು, ಕೇಳಿದ್ರೆ ನಾನಲ್ಲ ಅನ್ನೋದು. ಥೇಟ್ ನಿನ್ನ ಬೆರಳೇ ಕಣೇ," ಎಂದರು. ಮರುದಿನ ನೀರಿನ ನಲ್ಲಿಯ ಹತ್ತಿರ ಅಕ್ಕಪಕ್ಕದವರಿಗೆಲ್ಲ ಸುದ್ದಿ ಮುಟ್ಟಿತ್ತು, ಸೊಸೆ ಕಂಪ್ಯೂಟರಿನ ರೋಗ ಹುಡುಕಲು ಹೋಗಿ ತನ್ನ ರೋಗಕ್ಕೇ ಮದ್ದು ಹುಡುಕಿಕೊಂಡಳೆಂದು. ಗಂಡ ಪಕ್ಕಕ್ಕೆ ಬಂದ. ಸ್ಟೀರಿಂಗ್ ಹಿಡಿದು ಒರಟಾದ ತನ್ನ ಎರಡು ಕೈಗಳ ನಡುವೆ ಆ ಕೈಯನ್ನಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಆಮೇಲೆ, ಹೋದ ವಾರ ಮಾರುಕಟ್ಟೆ ಬೋರ್ಡು ನಿಜವಾಗಲೂ ತಪ್ಪು ತೋರಿಸಿತ್ತು ಎಂದ. ಅವಳು ತಪ್ಪಿರಲಿಲ್ಲ ಎಂದಳು. ಆ ರಾತ್ರಿ ಊಟ ಆರುವವರೆಗೂ ಜಗಳವಾಡಿದರು.

ಇಂಜಿನಿಯರಳು ಅವಳ ಯಂತ್ರದಲ್ಲಿ ಮಾತ್ರ ಆ ನಿಯಮ ತೆಗೆದುಬಿಡುತ್ತೇನೆ, ಮುಂದೆ ಸ್ಪೇಸ್ ಇದ್ದರೂ ಉಳಿಯುವಂತೆ ಮಾಡುತ್ತೇನೆ, ಒಂದು ಸಾಲಿನ ಕೆಲಸ ಎಂದಳು. ಬೋರ್ಡಕ್ಕ ಬೇಡವೆಂದಳು. ನಿಯಮ ಇದ್ದ ಹಾಗೇ ಇರಲಿ, ಕಮಾಂಡ್ ಉಳಿಯಬೇಕಾದರೆ ಶುರುವಿನಲ್ಲಿ ಹೆಬ್ಬೆರಳನ್ನು ತಡೆಯಬೇಕು, ಪದಗಳ ನಡುವೆ ಸ್ಪೇಸನ್ನು ಅದರಿಂದಲೇ ಒತ್ತಿಸಬೇಕು; ಬೆರಳು ಮಾತು ಕೇಳಿತೋ ಇಲ್ಲವೋ ಎಂದು ಹಿಸ್ಟರಿಯೇ ಹೇಳಲಿ. ಹಾಗೆ ಶುರುವಾಯಿತು ಪಳಗಿಸುವ ಕೆಲಸ. ಮೊದಮೊದಲು ಬೆರಳು ಬೇಡವೆಂದಾಗ ಬಡಿಯುತ್ತಿತ್ತು, ಬೇಕೆಂದಾಗ ಸತ್ತಂತೆ ಬಿದ್ದಿರುತ್ತಿತ್ತು. ಅವಳು ಬೆವರುತ್ತಿದ್ದಳು, ಬಾಯೊಳಗೇ ಬಯ್ಯುತ್ತಿದ್ದಳು, ಮುದ್ದು ಮಾಡುತ್ತಿದ್ದಳು. ಕಾಣೆಯಾಗುವ ಸಾಲುಗಳು ಕಡಿಮೆಯಾಗುತ್ತ ಬಂದವು. ಬೆರಳ ತುದಿಗೆ ಕೀಲಿಯ ತಂಪು ಮೊದಲ ಸಲ ತಾಗಿದ ದಿನ ಅವಳು ಯಾರಿಗೂ ಹೇಳದೆ ಆ ಸುಖವನ್ನು ಸಂಜೆಯವರೆಗೂ ಒಬ್ಬಳೇ ಅನುಭವಿಸಿದಳು.

ವರ್ಷ ತಿರುಗುವ ಮೊದಲು ಊರಿನ ದೊಡ್ಡ ಸೇತುವೆಯಲ್ಲಿ ಬಿರುಕು ಕಂಡು, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಮುಚ್ಚಿದರು. ಸೇತುವೆ ದಾಟುವ ಬಸ್ಸುಗಳನ್ನೆಲ್ಲ ಒಮ್ಮೆಲೇ ತಿರುಗಿಸಬೇಕಾಯಿತು. ಹಿಂದೆಂದೂ ಹೋಗದ ದಾರಿಗಳು, ಹಳೆಯ ಗಂಟಿನಲ್ಲಿ ಇಲ್ಲದ ಸಾಲುಗಳು. ಕೋಣೆಯಲ್ಲಿ ಫೋನುಗಳು ಬಡಿದುಕೊಳ್ಳುತ್ತಿದ್ದವು, ನಕ್ಷೆಯ ಮುಂದೆ ಮೂವರು ವಾದಿಸುತ್ತಿದ್ದರು. ಬೋರ್ಡಕ್ಕ ಬಲಗೈಯನ್ನು ಕೀಬೋರ್ಡಿಗೇರಿಸಿ ಶುರು ಮಾಡಿದಳು. ಅಕ್ಷರ ಎಡಗೈಯದು, ಸ್ಪೇಸ್ ಬಲಗೈಯದು. ಮಾರ್ಗದ ಮೇಲೆ ಮಾರ್ಗ ತಿರುಗಿಸುತ್ತ ಹೋದಳು. ಊರಿನ ಕಂಬಕಂಬದ ಮೇಲೂ ಹಳದಿ ಅಕ್ಷರ ಬದಲಾಗುತ್ತ ಹೋಯಿತು. ಕೊನೆಯ ಬಸ್ಸು ಮುಗಿದ ಮೇಲೆ ಮುಖ್ಯಸ್ಥರು ಬಂದು ಹಿಂದೆ ನಿಂತಿದ್ದು ಅವಳಿಗೆ ಗೊತ್ತಿತ್ತು. ಹಿಸ್ಟರಿ ತೆಗೆದಳು. ಬೆಳಗಿನಿಂದ ಕೊಟ್ಟ ಸಾಲುಗಳೆಲ್ಲ ಒಂದರ ಕೆಳಗೊಂದು, ಒಂದೇ ನೇರಕ್ಕೆ ನಿಂತಿದ್ದವು. ಒಂದೂ ಕಾಣೆಯಾಗಿರಲಿಲ್ಲ.

ಮುಖ್ಯಸ್ಥರು ಹೊಸದಾಗಿ ಸೇರುವವರಿಗೆ ಇನ್ನು ಮುಂದೆ ನೀವೇ ಪಾಠ ಮಾಡಬೇಕು ಎಂದರು. ದೋಷ ಹುಡುಕುವುದು ಹೇಗೆಂದು ಹೇಳಿಕೊಡಿ ಎಂದರು. ಅವಳು ಒಪ್ಪಿಕೊಂಡಳು, ಈ ಕಿಟಕಿಯ ಮೇಜು ಮಾತ್ರ ಬಿಡುವುದಿಲ್ಲವೆಂಬ ಷರತ್ತಿನ ಮೇಲೆ.

ಆ ಕೈಯಲ್ಲಿ ಇವತ್ತಿಗೂ ಅವಳು ಪೆನ್ನು ಹಿಡಿಯಲಾರಳು, ಸಹಿ ಎಡಗೈಯದೇ. ತಂಬಿಗೆ ಎತ್ತಿದರೆ ನಡುಗುತ್ತದೆ. ಪಾಠಕ್ಕೆ ಬರುವ ಹೊಸಬರಲ್ಲಿ ಯಾರಾದರೂ ಸಂಕೋಚದಿಂದ ಆ ಕೈಯ ಕಡೆ ನೋಡಿ ನೋಡದಂತೆ ಮಾಡಿದರೆ, ಅವಳು ಬೋಧನೆ ನಿಲ್ಲಿಸಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳಿ ಅನ್ನುತ್ತಾಳೆ. ಆಮೇಲೆ ಖಾಲಿ ಸಾಲಿನಲ್ಲಿ ಒಂದು ಉದ್ದನೆಯ ಕಮಾಂಡನ್ನು, ನಿಧಾನವಾಗಿ, ಪದಗಳ ನಡುವಿನ ಸ್ಪೇಸನ್ನೆಲ್ಲ ಆ ಹೆಬ್ಬೆರಳಿನಿಂದಲೇ ಒತ್ತುತ್ತ, ಪೂರ್ತಿ ಟೈಪ್ ಮಾಡಿ ತೋರಿಸುತ್ತಾಳೆ.